ಫಸ್ಟ್ ಇಯರ್‌ಗೆ ಬರುವ ತಮ್ಮ-ತಂಗಿಯರನ್ನು ಬರಮಾಡಿಕೊಳ್ಳುವುದು ಹೇಗೆ? ಕಾಲೇಜು ಪ್ರೇಯರ್ ಸೆಲ್ ಲೀಡರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ನಾನು ಬೀದರ್‌ನವನು. ಎಂಜಿನಿಯರಿಂಗ್ ಓದಲು ಮೈಸೂರಿಗೆ ಬಂದಾಗ ಹದಿನೆಂಟು ತುಂಬಲು ಇನ್ನೂ ಎರಡು ತಿಂಗಳಿತ್ತು. ಅದಕ್ಕೆ ಮುಂಚೆ ಮನೆ ಬಿಟ್ಟು ಒಂದು ವಾರವೂ ಇದ್ದವನಲ್ಲ. ಮೊದಲ ರಾತ್ರಿ ಹಾಸ್ಟೆಲ್ ಮೆಸ್ಸಿನಲ್ಲಿ ಅಮ್ಮನ ಫೋನ್ ಬಂತು. "ಊಟಾ ಮಾಡ್ಲತ್ತಿನಿ" ಅಂದೆ. ಪಕ್ಕದ ಟೇಬಲ್ಲಿನವರು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕಿರಲಿಕ್ಕಿಲ್ಲ, ನಮ್ಮ ಕಡೆಯ ಮಾತು ಅವರ ಕಿವಿಗೆ ಹೊಸದು. ಆದರೆ ಆಮೇಲೆ ಮೂರು ವಾರ ನಾನು ಮೆಸ್ಸಿನಲ್ಲಿ ಬಾಯಿ ಬಿಡಲಿಲ್ಲ. ಅಮ್ಮನ ಫೋನ್ ಬಂದರೆ ತಟ್ಟೆ ಅಲ್ಲೇ ಬಿಟ್ಟು ಹೊರಗೆ ಓಡುತ್ತಿದ್ದೆ.

ಎರಡನೇ ವಾರ ಪ್ರೇಯರ್ ಸೆಲ್‌ನವರ, ಅಂದರೆ ಸೇರಿ ಪ್ರಾರ್ಥನೆ ಮಾಡುವ ಕ್ರೈಸ್ತ ವಿದ್ಯಾರ್ಥಿಗಳ ಗುಂಪಿನವರ, ಫ್ರೆಶರ್ಸ್ ವೆಲ್‌ಕಮ್ ಇತ್ತು. ಬ್ಯಾನರ್, ಗಿಟಾರ್, ಕೇಕ್, ಎಲ್ಲ ಇತ್ತು. ಹೊಸಬರನ್ನೆಲ್ಲ ಎಬ್ಬಿಸಿ ನಿಲ್ಲಿಸಿ ಹೆಸರು ಹೇಳಿಸಿದರು, ಚಪ್ಪಾಳೆ ತಟ್ಟಿದರು, ಕೈಗೊಂದು ಪೆನ್ನು ಕೊಟ್ಟರು. ಹಾಸ್ಟೆಲ್ಲಿಗೆ ವಾಪಸ್ ಬಂದೆ. ಆಮೇಲೆ ಯಾರೂ ಫೋನ್ ಮಾಡಲಿಲ್ಲ.

ಮೂರನೇ ವಾರ, ಶನಿವಾರ ಸಂಜೆ, ವಾಚ್‌ಮನ್ ಬಂದು ಯಾರೋ ಗೇಟಿನಲ್ಲಿ ಕಾಯುತ್ತಿದ್ದಾರೆ ಅಂದ. ಹೋದರೆ ಥರ್ಡ್ ಇಯರಿನ ಒಬ್ಬ ಅಣ್ಣ. "ಬೀದರ್ ಹುಡುಗ ನೀನೇನಾ? ನಾಳೆ ಎಂಟು ಗಂಟೆಗೆ ಇಲ್ಲೇ ಇರ್ತೀನಿ. ಕನ್ನಡ ಆರಾಧನೆಗೆ ಹೋಗೋಣ. ಆಮೇಲೆ ದೋಸೆ." ಅಷ್ಟೇ ಹೇಳಿ ಹೋದ. ಮರುದಿನ ಹೇಳಿದ ಸಮಯಕ್ಕೆ ಬಂದು ನಿಂತಿದ್ದ.

ಈ ಮಾರ್ಗದರ್ಶಿಯಲ್ಲಿ ನಾನು ಹೇಳಬೇಕಾಗಿರುವುದೆಲ್ಲ ಆ ಎರಡು ವಾರಗಳ ನಡುವಿನ ವ್ಯತ್ಯಾಸ. ಕಾರ್ಯಕ್ರಮ ಮಾಡಿದರೆ ಬರಮಾಡಿಕೊಂಡ ಹಾಗಾಗುವುದಿಲ್ಲ. ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಬೇಕು. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು 11ನೇ ಅಧ್ಯಾಯ ತೆಗೆದು ನೋಡಿ. ಅಂತಿಯೋಕ್ಯದಲ್ಲಿ ಕೈತುಂಬ ಕೆಲಸ ಇದ್ದಾಗಲೇ ಬಾರ್ನಬ ಸೌಲನನ್ನು (ಮುಂದೆ ಪೌಲ ಅನ್ನಿಸಿಕೊಂಡವನನ್ನು) ಹುಡುಕಿಕೊಂಡು ತಾರ್ಸಕ್ಕೆ ಹೊರಟ. ಜೊತೆಗೆ ಕರೆದುಕೊಂಡು ಬಂದ. ಒಂದು ವರ್ಷ ಇಬ್ಬರೂ ಸೇರಿ ಕಲಿಸಿದರು. ಹುಡುಕಿದ್ದು, ಕರೆತಂದದ್ದು, ಒಂದು ವರ್ಷ ಜೊತೆಗಿದ್ದದ್ದು: ನಮ್ಮ ಕೆಲಸದ ನಕ್ಷೆ ಅಲ್ಲೇ ಇದೆ.

ಇದು ವಿದ್ಯಾರ್ಥಿಗಳೇ ಮಾಡಬೇಕಾದ ಕೆಲಸ ಅನ್ನುವುದೂ ಹೊಸ ಮಾತಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಆಫ್ ಇಂಡಿಯಾ 1912ರಲ್ಲಿ ಶುರುವಾಯಿತು. ಕ್ಯಾಥೊಲಿಕ್ ವಿದ್ಯಾರ್ಥಿಗಳ ಐಕಫ್ 1924ರದ್ದು. ನಾವು ಸುಮ್ನೆ 'ಇಯು' ಅಂತ ಕರೆಯುವ ಗುಂಪುಗಳ ಹಿಂದಿರುವ ಯುಇಎಸ್‌ಐ (ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ) 1954ರದ್ದು. ನಿಮ್ಮ ಗುಂಪು ಇವುಗಳಲ್ಲಿ ಒಂದಕ್ಕೆ ಸೇರಿರಬಹುದು, ಅಥವಾ ಹಾಸ್ಟೆಲ್ ಟೆರೇಸಿನ ಮೇಲೆ ಕೂಡುವ ಐದು ಜನರ ಪ್ರೇಯರ್ ಸೆಲ್ ಇರಬಹುದು. ಐದು ಜನ ಇದ್ದರೂ ಕೆಳಗೆ ಹೇಳಿದ್ದನ್ನೆಲ್ಲ ಮಾಡಬಹುದು.

ಮೊದಲ ಹೆಜ್ಜೆ: ರಜೆಯಲ್ಲೇ ಶುರು ಮಾಡಿ

ಕಾಲೇಜು ತೆರೆದ ಮೇಲೆ ಹುಡುಕಲು ಹೊರಟರೆ ತಡವಾಗುತ್ತದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ವಾರವೇ ಕೂತು ಒಂದು ನೋಟ್‌ಬುಕ್ ತೆರೆಯಿರಿ. ನಿಜವಾದ ನೋಟ್‌ಬುಕ್, ಕಾಗದದ್ದು. ಹೊಸಬರ ಹೆಸರು, ಊರು, ಕೋರ್ಸು, ಹಾಸ್ಟೆಲ್ ಅಥವಾ ಪಿಜಿ, ಮನೆಮಾತು, ಯಾರ ಮೂಲಕ ಗೊತ್ತಾಯಿತು, ಇಷ್ಟು ಬರೆಯಲು ಜಾಗ ಬಿಡಿ. ಗುಟ್ಟಿನ ವಿಷಯ ಯಾವುದನ್ನೂ ಇದರಲ್ಲಿ ಬರೆಯಬೇಡಿ, ಇದು ನಾಲ್ಕು ಜನರ ಕೈಗೆ ಹೋಗುವ ಪುಸ್ತಕ.

ಹೆಸರು ಎಲ್ಲಿಂದ ಬರುತ್ತವೆ? ಊರಿನ ಚರ್ಚುಗಳಿಂದ. ನಿಮ್ಮ ಗುಂಪಿನ ಪ್ರತಿಯೊಬ್ಬರೂ ತಮ್ಮ ಸಭಾಪಾಲಕರಿಗೆ ಅಥವಾ ಫಾದರ್‌ಗೆ ಫೋನ್ ಮಾಡಲಿ. "ಅಯ್ಯನವರೇ, ನಮ್ಮ ಸಭೆಯಿಂದ ಈ ವರ್ಷ ಮೈಸೂರಿಗೆ ಓದಲು ಬರುವವರು ಯಾರಾದರೂ ಇದ್ದಾರಾ?" ಇಷ್ಟು ಕೇಳಿದರೆ ಸಾಕು. ಬೀದರ್‌ನ ಮೆಥೊಡಿಸ್ಟ್ ಸಭೆಗಳು, ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ, ಮಂಗಳೂರು ಕಡೆಯ ಹಳೆಯ ಬಾಸೆಲ್ ಮಿಷನ್ ಸಭೆಗಳು, ಕರಾವಳಿ ಮತ್ತು ಕೊಡಗಿನ ಕ್ಯಾಥೊಲಿಕ್ ಚರ್ಚುಗಳು, ಇಲ್ಲೆಲ್ಲ ಪ್ರತಿ ವರ್ಷ ಯಾರಾದರೊಬ್ಬರು ಟ್ರಂಕು ಹಿಡಿದು ಹೊರಡುತ್ತಾರೆ. ಅಪ್ಪ-ಅಮ್ಮನೇ ನಿಮ್ಮ ನಂಬರ್ ಕೇಳಿ ಪಡೆಯುತ್ತಾರೆ. ಹುಡುಗ ಅಥವಾ ಹುಡುಗಿಯ ನಂಬರನ್ನು ಮಾತ್ರ ಅವರ ಒಪ್ಪಿಗೆ ಇಲ್ಲದೆ ಯಾವ ವಾಟ್ಸ್ಆ್ಯಪ್ ಗ್ರೂಪಿಗೂ ಹಾಕಬೇಡಿ. ಹುಡುಗಿಯರ ವಿಷಯದಲ್ಲಂತೂ ಅಕ್ಕಂದಿರೇ ಮೊದಲು ಮಾತಾಡಲಿ.

ಇನ್ನೊಂದು ಕೆಲಸ: ವಾರ್ಡನ್ ಮತ್ತು ಪ್ರಿನ್ಸಿಪಾಲರನ್ನು ಮುಂಚೆಯೇ ನೋಡಿ, ನಾವು ಹೀಗೊಂದು ಗುಂಪು, ಹೊಸಬರಿಗೆ ಲಗೇಜು ಹೊರಲು, ದಾರಿ ತೋರಿಸಲು ಸಹಾಯ ಮಾಡುತ್ತೇವೆ ಅಂತ ಹೇಳಿ. ಬೇಡ ಅಂದರೆ ಅದಕ್ಕೆ ಬದ್ಧರಾಗಿರಿ. ಕ್ಯಾಂಪಸ್ ಒಳಗೆ ಸಭೆ ನಡೆಸಲು ಅನುಮತಿ ಸಿಗದ ಕಾಲೇಜುಗಳು ಬಹಳ. ಹತ್ತಿರದ ಚರ್ಚಿನ ಸಂಡೇ ಸ್ಕೂಲ್ ಕೋಣೆ, ಕೆಲಸಕ್ಕೆ ಸೇರಿದ ಹಳೆಯ ಸೀನಿಯರ್‌ನ ಮನೆ, ಪಾರ್ಕಿನ ಕಲ್ಲುಬೆಂಚು, ಇವೂ ಸಾಕು.

ಎರಡನೇ ಹೆಜ್ಜೆ: ಬಂದಿಳಿಯುವ ದಿನ

ಅಡ್ಮಿಷನ್ ದಿನ ಅಪ್ಪನ ಕೈಯಲ್ಲಿ ಫೈಲು, ಅಮ್ಮನ ಕೈಯಲ್ಲಿ ಉಪ್ಪಿನಕಾಯಿ ಡಬ್ಬಿ, ಮಗುವಿನ ಮುಖದಲ್ಲಿ ಗಾಬರಿ. ಆ ಹೊತ್ತಿಗೆ ಯಾರಿಗೂ ಕರಪತ್ರ ಬೇಡ. ಜೆರಾಕ್ಸ್ ಅಂಗಡಿ ಎಲ್ಲಿ, ಫೀ ಚಲನ್ ಎಲ್ಲಿ ಕಟ್ಟಬೇಕು, ಪಾಸ್‌ಪೋರ್ಟ್ ಸೈಜ್ ಫೋಟೊ ಎಲ್ಲಿ ತೆಗೆಸಬೇಕು, ಬಕೆಟ್ಟು-ಹಾಸಿಗೆ ಎಲ್ಲಿ ಅಗ್ಗ, ಇದನ್ನು ಹೇಳುವವರು ಬೇಕು. ಕೈಯಲ್ಲೇ ಬರೆದ ಒಂದು ನಕ್ಷೆಯ ಜೆರಾಕ್ಸ್ ಇಟ್ಟುಕೊಳ್ಳಿ. ಅದರಲ್ಲಿ ಬಸ್ ಸ್ಟಾಪು, ಔಷಧಿ ಅಂಗಡಿ, ಒಳ್ಳೆಯ ಮೆಸ್ಸು, ಹತ್ತಿರದ ಚರ್ಚುಗಳು ಇರಲಿ. ಹಿಂಭಾಗದಲ್ಲಿ ನಿಮ್ಮ ಎರಡು ಫೋನ್ ನಂಬರ್: ಒಬ್ಬ ಅಣ್ಣನದು, ಒಬ್ಬ ಅಕ್ಕನದು.

ಇಲ್ಲಿ ಒಂದು ಎಚ್ಚರ. ನಿಮ್ಮ ಮನಸ್ಸಿನಲ್ಲಿ ಪ್ರೀತಿ ಇದ್ದರೂ ಹೊಸಬರ ಕಣ್ಣಿಗೆ ನೀವು ಮೊದಲು ಸೀನಿಯರ್. ಸೀನಿಯರ್ ಅಂದರೆ ಅವರಿಗೆ ಭಯ. ರ‍್ಯಾಗಿಂಗ್ ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2009ರಲ್ಲಿ ತಂದ ನಿಯಮಗಳು ಬಹಳ ಬಿಗಿ. ಫ್ರೆಶರ್ಸ್ ಹಾಸ್ಟೆಲ್ಲಿನ ರೂಮಿಗೆ ಕಾಲಿಡಬೇಡಿ. ರಾತ್ರಿ ಹೊತ್ತು ಕರೆಸಬೇಡಿ. "ಇಂಟ್ರೊ ಕೊಡು" ಅಂತ ತಮಾಷೆಗೂ ಹೇಳಬೇಡಿ. ಹಾಡು ಹೇಳು, ವಾಕ್ಯ ಹೇಳು ಅಂತ ಒತ್ತಾಯ ಮಾಡಬೇಡಿ. ಮಾತಾಡುವುದಿದ್ದರೆ ಗೇಟಿನಲ್ಲಿ, ಕ್ಯಾಂಟೀನಿನಲ್ಲಿ, ನಾಲ್ಕು ಜನರ ಕಣ್ಣೆದುರು. ರ‍್ಯಾಗಿಂಗ್ ಸಹಾಯವಾಣಿ 1800-180-5522 ಅನ್ನು ಆ ನಕ್ಷೆಯ ಮೇಲೆ ನೀವೇ ಬರೆದು ಕೊಡಿ. ಸೀನಿಯರೇ ಈ ನಂಬರ್ ಕೊಟ್ಟಾಗ ಹೊಸಬರ ಮುಖ ಸಡಿಲವಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮತ್ತೆ ಈ ಮಾತನ್ನು ಕೆಂಪು ಇಂಕಿನಲ್ಲಿ ಬರೆದಿಟ್ಟುಕೊಳ್ಳಿ: ಎಲ್ಲರೂ ಮೊದಲ ದಿನ ಬರುವುದಿಲ್ಲ. ಸಿಇಟಿ ಎರಡನೇ ಸುತ್ತು, ಮೂರನೇ ಸುತ್ತಿನಲ್ಲಿ ಸೀಟು ಸಿಕ್ಕವರು ತಡವಾಗಿ ಬರುತ್ತಾರೆ. ನರ್ಸಿಂಗ್ ಕಾಲೇಜುಗಳ ಅಡ್ಮಿಷನ್ ಇನ್ನೂ ತಡ. ಅಷ್ಟು ಹೊತ್ತಿಗೆ ರೂಮ್‌ಮೇಟ್‌ಗಳು ಜೋಡಿಯಾಗಿರುತ್ತಾರೆ, ನೋಟ್ಸು ಅರ್ಧ ಆಗಿರುತ್ತದೆ, ನಿಮ್ಮ ವೆಲ್‌ಕಮ್ಮೂ ಮುಗಿದಿರುತ್ತದೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಒಂಟಿಯಾಗುವವರು ಇವರೇ. ಅದಕ್ಕೇ ಹುಡುಕುವ ಕೆಲಸ ಮೊದಲ ವಾರಕ್ಕೆ ಮುಗಿಯಬಾರದು, ಎರಡು ತಿಂಗಳು ನಡೆಯಬೇಕು.

ಮೂರನೇ ಹೆಜ್ಜೆ: ಮೊದಲ ಮಾತು

ಜಾಸ್ತಿ ತಪ್ಪುಗಳು ಆಗುವುದು ಇಲ್ಲಿ. ನಾನೂ ಮಾಡಿದ್ದೇನೆ. ಸೆಕೆಂಡ್ ಇಯರಿನಲ್ಲಿ ಉತ್ಸಾಹ ಉಕ್ಕುತ್ತಿದ್ದಾಗ ಹಾಸನ ಕಡೆಯ ಒಬ್ಬ ಹುಡುಗನಿಗೆ ಪರಿಚಯವಾದ ಐದನೇ ನಿಮಿಷಕ್ಕೆ "ನಿನಗೆ ರಕ್ಷಣೆಯ ನಿಶ್ಚಯ ಇದೆಯಾ?" ಅಂತ ಕೇಳಿಬಿಟ್ಟೆ. ಅವನು "ಇದೆ ಅಣ್ಣ" ಅಂದ. ಆಮೇಲೆ ನಾನು ಬರುವುದು ಕಂಡರೆ ಲೈಬ್ರರಿಯ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ. ಪ್ರಶ್ನೆ ತಪ್ಪಲ್ಲ. ಅದನ್ನು ಕೇಳುವ ಸಲಿಗೆ ನಾನಿನ್ನೂ ಸಂಪಾದಿಸಿರಲಿಲ್ಲ.

ಊರಿನಿಂದ ಶುರು ಮಾಡಿ. ಯಾವ ಬಸ್ಸಿಗೆ ಬಂದೆ, ಎಷ್ಟು ಹೊತ್ತು ಆಯಿತು, ಜೊತೆಗೆ ಯಾರು ಬಂದಿದ್ದರು, ರೂಮ್‌ಮೇಟ್ ಹೇಗೆ, ಮೆಸ್ ಊಟ ಹಿಡಿಸಿತಾ? ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಮೂರು ಹೊತ್ತು ಅನ್ನ-ಸಾಂಬಾರ್ ಅಂದರೆ ಹೊಟ್ಟೆ ತುಂಬಿದ ಹಾಗೇ ಆಗುವುದಿಲ್ಲ. ಬೀದರ್, ರಾಯಚೂರು, ವಿಜಯಪುರದ ಮಕ್ಕಳಿಗೆ ರೊಟ್ಟಿ ಸಿಗುವ ಖಾನಾವಳಿ ತೋರಿಸಿದರೆ ಅದೇ ಅರ್ಧ ಸ್ವಾಗತ. ಅವರ ಮಾತಿನ ಧಾಟಿ ಕೇಳಿ ನಗಬೇಡಿ, ಅನುಕರಣೆ ಮಾಡಿ ತೋರಿಸಲೂ ಬೇಡಿ.

ಕೇಳಬಾರದ್ದು ಕೆಲವಿದೆ. ಜಾತಿ ಕೇಳಬೇಡಿ, ಸುತ್ತಿ ಬಳಸಿಯೂ ಕೇಳಬೇಡಿ. "ನಿಮ್ಮಲ್ಲಿ ಮೂಲತಃ ಯಾರು?" ಅನ್ನುವ ಪ್ರಶ್ನೆ ಸಭೆಗಳ ಒಳಗೇ ಎಷ್ಟು ಜನರನ್ನು ನೋಯಿಸಿದೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಸಿಇಟಿ ರ‍್ಯಾಂಕ್ ಕೇಳಬೇಡಿ. ಅಪ್ಪನ ಕೆಲಸ ಅವರಾಗೇ ಹೇಳಲಿ. ಚರ್ಚಿನ ಹೆಸರು ಕೇಳಬಹುದು, ಆದರೆ ಉತ್ತರ ಕೇಳಿದ ಕೂಡಲೇ ಮುಖ ಬದಲಾಗಬಾರದು. ಸಿಎಸ್‌ಐ, ಮೆಥೊಡಿಸ್ಟ್, ಪೆಂತೆಕೊಸ್ತ್, ಕ್ಯಾಥೊಲಿಕ್, ಯಾರೇ ಆಗಲಿ, ಆ ಹೊತ್ತಿಗೆ ಅವರು ಮನೆ ಬಿಟ್ಟು ಬಂದ ಮಗು.

ನಾಗಾಲ್ಯಾಂಡ್, ಮಿಜೋರಾಂ ಕಡೆಯಿಂದ ಬಂದವರ ಬಗ್ಗೆ ಒಂದು ಮಾತು. ಅವು ಕ್ರೈಸ್ತರೇ ಜಾಸ್ತಿ ಇರುವ ರಾಜ್ಯಗಳು. ಅಲ್ಲಿ ಭಾನುವಾರ ಅಂದರೆ ಊರಿಗೆ ಊರೇ ಆರಾಧನೆಗೆ ಹೊರಡುತ್ತದೆ. ಇಲ್ಲಿ ಭಾನುವಾರ ಲ್ಯಾಬ್ ಇಟ್ಟರೆ ಅವರಿಗೆ ನೆಲವೇ ಕುಸಿದ ಹಾಗೆ. ಅಲ್ಪಸಂಖ್ಯಾತರಾಗಿ ಬದುಕುವುದು ನಮಗೆ ಹುಟ್ಟಿನಿಂದ ರೂಢಿ, ಅವರಿಗೆ ಅದು ಹದಿನೆಂಟನೇ ವರ್ಷದಲ್ಲಿ ಬಂದ ಪಾಠ. ನಿಮ್ಮ ಕೂಟದಲ್ಲಿ ಪೂರ್ತಿ ಕನ್ನಡ ನಡೆದರೆ ಅವರು ಬರುವುದಿಲ್ಲ, ಪೂರ್ತಿ ಇಂಗ್ಲಿಷ್ ನಡೆದರೆ ಹಳ್ಳಿಯ ಕನ್ನಡ ಮೀಡಿಯಂ ಹುಡುಗಿ ಬಾಯಿ ತೆರೆಯುವುದಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಅನುವಾದ ಮಾಡುವ ಒಬ್ಬರನ್ನು ಯಾವಾಗಲೂ ಗೊತ್ತು ಮಾಡಿ.

ನಾಲ್ಕನೇ ಹೆಜ್ಜೆ: ಮೊದಲ ಭಾನುವಾರ

"ಚರ್ಚಿಗೆ ಬಾ" ಅನ್ನಬೇಡಿ. "ಎಂಟಕ್ಕೆ ಗೇಟಿನಲ್ಲಿ ಇರ್ತೀನಿ" ಅನ್ನಿ. ಹೊಸ ಊರಿನಲ್ಲಿ ಯಾವ ಬಸ್ಸು ಹತ್ತಬೇಕು ಅಂತ ಗೊತ್ತಿಲ್ಲದವರಿಗೆ ಈ ಎರಡು ಮಾತಿನ ನಡುವೆ ಆಕಾಶ-ಭೂಮಿಯ ಅಂತರ. ಚರ್ಚ್ ಯಾವುದು ಅನ್ನುವುದನ್ನು ಅವರ ಮನೆಯ ರೂಢಿ ನೋಡಿ ತೀರ್ಮಾನಿಸಿ, ನಿಮ್ಮ ಚರ್ಚಿಗೆ ಸದಸ್ಯರನ್ನು ಕೂಡಿಸುವ ಕೆಲಸ ಇದಲ್ಲ. ಕ್ಯಾಥೊಲಿಕ್ ತಂಗಿಯನ್ನು ಪೂಜೆಗೆ, ಮೈಸೂರಿನಲ್ಲಾದರೆ ಸೇಂಟ್ ಫಿಲೋಮಿನಾ ಚರ್ಚಿಗೆ, ಕರೆದುಕೊಂಡು ಹೋಗಿ. ಪ್ರಾಟೆಸ್ಟೆಂಟ್ ಅಕ್ಕ ಪಕ್ಕದಲ್ಲಿ ಕೂತರೆ ಏನೂ ಕಳೆದುಕೊಳ್ಳುವುದಿಲ್ಲ. ಆರಾಧನೆ ಮುಗಿದ ಮೇಲೆ ಅಲ್ಲಿನ ಒಂದು ಮನೆಯವರಿಗೆ ಪರಿಚಯ ಮಾಡಿಸಿ. ಸಭೆಗಳಲ್ಲಿ ಭಾನುವಾರ ಮಧ್ಯಾಹ್ನದ ಊಟಕ್ಕೆ ಹಾಸ್ಟೆಲ್ ಮಕ್ಕಳನ್ನು ಕರೆಯಲು ಮನಸ್ಸಿರುವ ಆಂಟಿಯರು ಇದ್ದೇ ಇರುತ್ತಾರೆ, ಯಾರಾದರೂ ಹೋಗಿ ಹೇಳಬೇಕಷ್ಟೆ.

ಐದನೇ ಹೆಜ್ಜೆ: ವೆಲ್‌ಕಮ್ ಕೂಟ

ಮಾಡಿ, ಆದರೆ ಚಿಕ್ಕದಾಗಿ ಮಾಡಿ. ಒಂದೂವರೆ ಗಂಟೆ ಮೀರಬೇಡಿ. ಹಾಡುಗಳ ಸಾಹಿತ್ಯ ಎಲ್ಲರ ಕೈಯಲ್ಲಿರಲಿ, ಗೊತ್ತಿಲ್ಲದ ಹಾಡು ಎರಡಕ್ಕಿಂತ ಹೆಚ್ಚು ಬೇಡ. ಹೊಸಬರನ್ನು ಎಬ್ಬಿಸಿ ನಿಲ್ಲಿಸಬೇಡಿ, ಸಾಕ್ಷಿ (ತಮ್ಮ ನಂಬಿಕೆಯ ಅನುಭವ) ಹೇಳಿಸಬೇಡಿ. ಹಳಬರೇ ಎದ್ದು, ಫಸ್ಟ್ ಇಯರಿನಲ್ಲಿ ತಮಗೆ ಏನು ಕಷ್ಟವಾಯಿತು ಅಂತ ಮೂರು ಮೂರು ನಿಮಿಷ ಹೇಳಲಿ. ಫೇಲಾದವರೂ ಹೇಳಲಿ. ಊಟ ಹಾಸ್ಟೆಲ್ ಮೆಸ್ಸಿಗಿಂತ ಚೆನ್ನಾಗಿರಲಿ. ಹುಡುಗಿಯರ ಹಾಸ್ಟೆಲ್ ಗೇಟ್ ಮುಚ್ಚುವ ಸಮಯಕ್ಕೆ ಒಂದು ಗಂಟೆ ಮುಂಚೆಯೇ ಕೂಟ ಮುಗಿದಿರಬೇಕು.

ಕೂಟ ಮುಗಿಯುವ ಹೊತ್ತಿಗೆ ಒಂದು ಕೆಲಸ ಆಗಿರಬೇಕು: ಪ್ರತಿಯೊಬ್ಬ ಹೊಸಬರಿಗೂ ಮುಂದಿನ ವಾರ ಯಾರನ್ನು, ಎಲ್ಲಿ, ಎಷ್ಟು ಗಂಟೆಗೆ ನೋಡುತ್ತೇನೆ ಅಂತ ಗೊತ್ತಿರಬೇಕು. ಇದಾಗದಿದ್ದರೆ ಕೇಕ್ ಕತ್ತರಿಸಿದ್ದು ವ್ಯರ್ಥ.

ಆರನೇ ಹೆಜ್ಜೆ: ಒಬ್ಬರಿಗೆ ಇಬ್ಬರು

ಒಬ್ಬ ಸೀನಿಯರ್‌ಗೆ ಇಬ್ಬರು ಜೂನಿಯರ್‌ಗಳು. ಮೂರಾದರೆ ಒಬ್ಬರು ಕೈ ತಪ್ಪುತ್ತಾರೆ. ಅಣ್ಣಂದಿರಿಗೆ ತಮ್ಮಂದಿರು, ಅಕ್ಕಂದಿರಿಗೆ ತಂಗಿಯರು, ಇದರಲ್ಲಿ ವಿನಾಯಿತಿ ಬೇಡ. ಫಸ್ಟ್ ಇಯರಿನಲ್ಲಿ ಹದಿನೇಳು ವರ್ಷದವರೂ ಇರುತ್ತಾರೆ, ಕಾನೂನಿನ ಕಣ್ಣಿಗೆ ಅವರಿನ್ನೂ ಮಕ್ಕಳು. ಮುಚ್ಚಿದ ಬಾಗಿಲ ಹಿಂದೆ ಯಾವ ಭೇಟಿಯೂ ಬೇಡ. ಆದಷ್ಟೂ ಒಂದೇ ಕೋರ್ಸಿನವರನ್ನು ಜೋಡಿಸಿ. ಮೆಕ್ಯಾನಿಕಲ್ ಅಣ್ಣನಿಗೆ ನರ್ಸಿಂಗ್ ತಮ್ಮನ ಪೋಸ್ಟಿಂಗ್, ನೈಟ್ ಡ್ಯೂಟಿ ಅರ್ಥವಾಗಲು ಅರ್ಧ ವರ್ಷ ಬೇಕು.

ವಾರಕ್ಕೆ ಒಂದು ಸಲ, ಮುಕ್ಕಾಲು ಗಂಟೆ, ಟೀ ಜೊತೆ. ದಿನ ಗೊತ್ತು ಮಾಡಿ, ಬುಧವಾರ ಅಂದರೆ ಬುಧವಾರ. ನೀವು ಎರಡು ವಾರ ತಪ್ಪಿಸಿದರೆ ಮೂರನೇ ವಾರ ಅವರೂ ಬರುವುದಿಲ್ಲ. ಮೊದಲ ಎರಡು ವಾರ ಪಾಠ ಬೇಡ, ಕೇಳಿಸಿಕೊಳ್ಳಿ. ಹೊರಡುವ ಮುಂಚೆ ಚಿಕ್ಕದೊಂದು ಪ್ರಾರ್ಥನೆ, ಅವರ ಮಾತಿನಲ್ಲೇ ಬಂದ ವಿಷಯ ಹಿಡಿದು.

ಮೂರನೇ ವಾರ ಬೈಬಲ್ಲಿನ ದಾನಿಯೇಲ 1ನೇ ಅಧ್ಯಾಯ ತೆಗೆಯಿರಿ. ಫಸ್ಟ್ ಇಯರ್‌ನವರಿಗೆ ಇದಕ್ಕಿಂತ ಹತ್ತಿರದ ಅಧ್ಯಾಯ ನನಗೆ ಸಿಕ್ಕಿಲ್ಲ. ಅದರಲ್ಲಿ ಎಲ್ಲವೂ ಇದೆ ನೋಡಿ. ಮನೆಯಿಂದ ದೂರದ ಊರು. ಮೂರು ವರ್ಷದ ಕೋರ್ಸು. ಹೊಸ ಭಾಷೆ, ಹೊಸ ಸಾಹಿತ್ಯ. ಹೆಸರೂ ಬದಲಾಯಿತು. ಮೆಸ್ ಊಟದ ಸಮಸ್ಯೆ ಕೂಡ! ದಾನಿಯೇಲ ಅಧಿಕಾರಿಯ ಜೊತೆ ಜಗಳ ಆಡಲಿಲ್ಲ. ರಾಜನ ಊಟದ ಬದಲು ಕಾಯಿಪಲ್ಯ ಕೊಟ್ಟು ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಅಂತ ವಿನಯದಿಂದ ಕೇಳಿಕೊಂಡ. ಓದನ್ನೂ ಬಿಡಲಿಲ್ಲ, ಬಾಬೆಲಿನ ವಿದ್ಯೆಯನ್ನೆಲ್ಲ ಕಲಿತ. ಮತ್ತೆ ಅವನು ಒಂಟಿಯಾಗಿರಲಿಲ್ಲ, ಹನನ್ಯ, ಮೀಶಾಯೇಲ, ಅಜರ್ಯ ಜೊತೆಗಿದ್ದರು. "ನಿನಗೆ ಇಲ್ಲಿ ಯಾವುದರಲ್ಲಿ ಹೊಂದಿಕೊಳ್ಳಬಹುದು, ಯಾವುದರಲ್ಲಿ ಆಗುವುದಿಲ್ಲ ಅನ್ನಿಸುತ್ತದೆ?" ಅಂತ ಕೇಳಿ ಸುಮ್ಮನಿರಿ. ಉತ್ತರ ತಡವಾಗಿ ಬರುತ್ತದೆ, ಕಾಯಿರಿ. ಒಬ್ಬ ತಮ್ಮ ನನ್ನ ಎದುರು ಟೀ ಲೋಟ ತಿರುಗಿಸುತ್ತಾ ಐದು ನಿಮಿಷ ಕೂತಿದ್ದ. ಕೊನೆಗೆ "ರೂಮಲ್ಲಿ ಎಲ್ಲರ ಮುಂದೆ ಬೈಬಲ್ ತೆಗೆಯೋಕೆ ನಾಚಿಕೆ ಆಗುತ್ತೆ ಅಣ್ಣ, ಅದಕ್ಕೆ ಬಾತ್‌ರೂಮ್ ಹತ್ತಿರ ನಿಂತು ಮೊಬೈಲಲ್ಲಿ ಓದ್ತೀನಿ" ಅಂದ. ನಾನು ಅವತ್ತು ಬುದ್ಧಿ ಹೇಳಲಿಲ್ಲ. "ನಾಳೆಯಿಂದ ಬೆಳಿಗ್ಗೆ ಆರೂವರೆಗೆ ಗ್ರೌಂಡಿಗೆ ಬಾ, ಅಲ್ಲಿ ಇಬ್ಬರೂ ಓದೋಣ" ಅಂದೆ. ಒಂದು ತಿಂಗಳು ಹಾಗೆ ಓದಿದೆವು. ಆಮೇಲೆ ಅವನು ರೂಮಿನಲ್ಲೇ ಓದತೊಡಗಿದ.

ಆನಂತರ ಮಾರ್ಕನ ಸುವಾರ್ತೆ ಹಿಡಿಯಿರಿ. 16 ಅಧ್ಯಾಯ, ವಾರಕ್ಕೊಂದು ಅಂದರೂ ಎರಡನೇ ಸೆಮಿಸ್ಟರಿನೊಳಗೆ ಮುಗಿಯುತ್ತದೆ. ಅವರಿಗೆ ಹತ್ತಿರವಾದ ಭಾಷೆಯಲ್ಲೇ ಓದಲಿ. ನೀವು ಪ್ರಸಂಗ ಮಾಡಬೇಡಿ, ಪ್ರಶ್ನೆ ಕೇಳಿ.

ಏಳನೇ ಹೆಜ್ಜೆ: ಓದು, ದುಡ್ಡು, ಹಾಜರಾತಿ

ಪ್ರೇಯರ್ ಸೆಲ್‌ಗೆ ಬಂದು ಫೇಲಾದ ಅನ್ನುವ ಮಾತು ಒಮ್ಮೆ ಹಬ್ಬಿದರೆ ಮನೆಯವರೂ ಲೆಕ್ಚರರ್‌ಗಳೂ ಗುಂಪನ್ನು ನಂಬುವುದಿಲ್ಲ. ಅವರು ನಂಬದಿರುವುದು ನ್ಯಾಯವೇ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ 85 ಪರ್ಸೆಂಟ್ ಹಾಜರಾತಿ ಬೇಕು ಅನ್ನುವುದನ್ನು ಮೊದಲ ವಾರವೇ ಹೇಳಿ. ಕ್ಲಾಸ್ ಬಿಟ್ಟು ಕೂಟಕ್ಕೆ ಬಂದರೆ ವಾಪಸ್ ಕಳಿಸಿ. ಇಂಟರ್ನಲ್ಸ್ ವಾರ ಬೈಬಲ್ ಸ್ಟಡಿ ಬದಲು ಜೊತೆಗೆ ಕೂತು ಓದಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೂಡಿಸಿ ಕೊಡಿ.

ಕನ್ನಡ ಮೀಡಿಯಂನಿಂದ ಬಂದವರ ಕಷ್ಟ ಬೇರೆ. ವಿಷಯ ಗೊತ್ತಿರುತ್ತದೆ, ಇಂಗ್ಲಿಷ್ ವಾಕ್ಯ ಕಟ್ಟಲು ಬರುವುದಿಲ್ಲ. ಪಿಯುಸಿಯಲ್ಲಿ ಕ್ಲಾಸಿಗೇ ಮೊದಲು ಬಂದ ಹುಡುಗಿ ಇಲ್ಲಿ ಮೊದಲ ಇಂಟರ್ನಲ್ಸಿನಲ್ಲಿ ಐವತ್ತಕ್ಕೆ ಒಂಬತ್ತು ತೆಗೆದು, ತಾನು ದಡ್ಡಿ ಅಂದುಕೊಳ್ಳುತ್ತಾಳೆ. ಅವಳ ಜೊತೆ ಪಾಠವನ್ನು ಮೊದಲು ಕನ್ನಡದಲ್ಲಿ ಮಾತಾಡಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿ. ವಾರಕ್ಕೆ ಎರಡು ಸಂಜೆ, ಒಂದು ಸೆಮಿಸ್ಟರ್. ಇದೂ ಸೇವೆಯೇ, ಇದನ್ನು ನಾನು ಪೂರ್ತಿ ಮನಸ್ಸಿನಿಂದ ಹೇಳುತ್ತೇನೆ.

ದುಡ್ಡಿನ ವಿಷಯಕ್ಕೆ ಬಂದರೆ ಬಹಳ ಮನೆಗಳಿಗೆ ಮಾಹಿತಿಯೇ ತಲುಪಿರುವುದಿಲ್ಲ. ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ-ಆದಾಯ ಪ್ರಮಾಣಪತ್ರದ ಮೇಲೆ ಇರುವ ಆರ್‌ಡಿ ನಂಬರ್ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಪ್ರಮಾಣಪತ್ರಕ್ಕೆ ಊರಿನ ನಾಡಕಚೇರಿಗೆ ಹೋಗಬೇಕಾದ್ದರಿಂದ ದಸರಾ ರಜೆಗೆ ಮನೆಗೆ ಹೊರಡುವಾಗಲೇ ನೆನಪಿಸಿ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಬಂದ ಕ್ರೈಸ್ತ ವಿದ್ಯಾರ್ಥಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಇದೆ. ಕೊನೆಯ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಅದನ್ನು ಗಮನಿಸುತ್ತಿರಲು ಒಬ್ಬರನ್ನು ನೇಮಿಸಿ. ನಿಮ್ಮ ಕೈಯಿಂದ ಸಾಲ ಕೊಡುವುದು ಮಾತ್ರ ಬೇಡ. ಹಸಿದವರಿಗೆ ಊಟ ಕೊಡಿಸಿ, ಲೆಕ್ಕ ಇಡಬೇಡಿ.

ಎಂಟನೇ ಹೆಜ್ಜೆ: ಭಾರದ ವಿಷಯ ಬಂದಾಗ

ಒಂದು ದಿನ ಬರುತ್ತದೆ. ಟೀ ಮುಗಿದಿರುತ್ತದೆ, ಎದ್ದು ಹೊರಡುವಾಗ "ಅಕ್ಕ, ಯಾರಿಗೂ ಹೇಳಲ್ಲ ಅಂದ್ರೆ ಒಂದು ವಿಷಯ ಹೇಳ್ತೀನಿ" ಅನ್ನುತ್ತಾರೆ. ಆ ಮಾತು ಕೊಡಬೇಡಿ. "ನಿನ್ನ ಮಾತನ್ನು ಹರಟೆಗೆ ಬಳಸಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ನಿನಗೆ ತೊಂದರೆ ಕೊಡ್ತಿದ್ದರೆ, ದೊಡ್ಡವರೊಬ್ಬರಿಗೆ ಹೇಳಲೇಬೇಕಾಗುತ್ತೆ. ನಿನ್ನ ಜೊತೆ ನಾನೂ ಬರ್ತೀನಿ" ಅನ್ನಿ. ಇಷ್ಟು ನೇರವಾಗಿ ಹೇಳಿದ ಮೇಲೂ ಅವರು ಹೇಳುತ್ತಾರೆ. ಆ ಕೊನೆಯ ಮಾತಿಗಾಗಿಯೇ ಹೇಳುತ್ತಾರೆ.

ನೀವು ಕೌನ್ಸೆಲರ್ ಅಲ್ಲ. ನಿದ್ದೆ ಬಾರದಿರುವುದು, ಊಟ ಬಿಟ್ಟಿರುವುದು, ವಾರಗಟ್ಟಲೆ ರೂಮಿನಿಂದ ಹೊರಗೆ ಬಾರದಿರುವುದು, ಬದುಕಿದ್ದು ಏನು ಪ್ರಯೋಜನ ಅನ್ನುವ ಮಾತು, ಇವು ಕಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಜೊತೆಗೆ ಕೂತು ಫೋನ್ ಮಾಡಿಸಿ. ಅದು ಉಚಿತ, ದಿನದ ಯಾವ ಹೊತ್ತಿಗೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ ಒಬ್ಬರೇ ಬಿಡಬೇಡಿ, ವಾರ್ಡನ್‌ಗೆ ಆಗಲೇ ಹೇಳಿ, 112ಕ್ಕೆ ಫೋನ್ ಮಾಡಿ. "ಪ್ರಾರ್ಥನೆ ಜಾಸ್ತಿ ಮಾಡು, ಸರಿಹೋಗುತ್ತೆ" ಅಂತ ಹೇಳಿ ಕಳಿಸುವುದು ದೊಡ್ಡ ತಪ್ಪು. ಪ್ರಾರ್ಥನೆ ಮಾಡಿ, ಡಾಕ್ಟರ್ ಹತ್ತಿರವೂ ಕರೆದುಕೊಂಡು ಹೋಗಿ. ಪ್ರವಾದಿ ಎಲೀಯನು ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ನೆನಪಿದೆಯಾ?

ನಂಬಿಕೆಯ ಪ್ರಶ್ನೆಗಳು ಬಂದರೆ ಹೆದರಬೇಡಿ. ಹೊಸ ರೂಮ್‌ಮೇಟ್‌ಗಳು, ಹೊಸ ಪುಸ್ತಕಗಳು, ಹೊಸ ಪ್ರಶ್ನೆಗಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಒಟ್ಟಿಗೆ ಹುಡುಕಿ.

ಬೇರೆ ಮತದ ಗೆಳೆಯರು ಬಂದರೆ

ರೂಮ್‌ಮೇಟ್ ಜೊತೆ ಬರುತ್ತಾರೆ, ಊಟಕ್ಕೆ ಬರುತ್ತಾರೆ, ಹಾಡು ಇಷ್ಟವಾಗಿ ಬರುತ್ತಾರೆ. ಪ್ರೀತಿಯಿಂದ ಬರಮಾಡಿಕೊಳ್ಳಿ. ಇದು ಪ್ರಾರ್ಥನೆಯ ಕೂಟ ಅಂತ ಮೊದಲೇ ಹೇಳಿ, ಏನನ್ನೂ ಮುಚ್ಚಿಟ್ಟು ಕರೆಯಬೇಡಿ. ನೋಟ್ಸು, ಊಟ, ಟ್ಯೂಷನ್ ಯಾವುದನ್ನೂ ಆಮಿಷವಾಗಿ ಇಡಬೇಡಿ, ಕೊಟ್ಟರೆ ಎಲ್ಲರಿಗೂ ಒಂದೇ ಸಮನಾಗಿ ಕೊಡಿ. ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರ ಮನಸ್ಸಾಕ್ಷಿಗೂ ಸ್ವಾತಂತ್ರ್ಯ ಕೊಟ್ಟಿದೆ, ಅದು ನಮಗೆಷ್ಟೋ ಅವರಿಗೂ ಅಷ್ಟೇ. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರದ ಕಾಯ್ದೆ ಬಂದ ಮೇಲೆ ಮನೆಗಳಲ್ಲಿ ಈ ವಿಷಯ ಇನ್ನೂ ಸೂಕ್ಷ್ಮವಾಗಿದೆ. ಅದು ಹಾಗಿರಲಿ, ಕಾಯ್ದೆ ಇಲ್ಲದಿದ್ದರೂ ಒತ್ತಾಯದ ಪ್ರೀತಿ ಕ್ರಿಸ್ತನದಲ್ಲ. ಗಣೇಶನ ಹಬ್ಬಕ್ಕೆ ಅವರು ಮನೆಗೆ ಕರೆದರೆ ಅಮ್ಮನ ಕೈ ಊಟ ಉಂಡು ಬನ್ನಿ, ನಿಮ್ಮ ಕ್ರಿಸ್ಮಸ್ ಕುಸ್ವಾರ್ (ಹಬ್ಬದ ತಿಂಡಿಗಳ) ಡಬ್ಬಿಯಲ್ಲಿ ಅವರ ಪಾಲನ್ನೂ ಎತ್ತಿಡಿ.

ಒಂಬತ್ತನೇ ಹೆಜ್ಜೆ: ದೂರ ಸರಿದವರು

ಹತ್ತು ಜನ ಬಂದರೆ ದೀಪಾವಳಿ ಹೊತ್ತಿಗೆ ಕೆಲವರು ಕಾಣಿಸುವುದಿಲ್ಲ. ಇದು ಪ್ರತಿ ವರ್ಷ ಆಗುತ್ತದೆ, ಪ್ರತಿ ವರ್ಷ ನೋವಾಗುತ್ತದೆ. "ಯಾಕೆ ಬರಲಿಲ್ಲ?" ಅಂತ ಕೇಳಿದರೆ ಸುಳ್ಳು ಹೇಳಿಸಿದ ಹಾಗೆ. "ಊಟ ಆಯ್ತಾ? ಬಾ, ಟೀ ಕುಡಿಯೋಣ" ಅನ್ನಿ, ಕೂಟದ ಮಾತೇ ಎತ್ತಬೇಡಿ. ಹುಟ್ಟುಹಬ್ಬಕ್ಕೆ ಫೋನ್ ಮಾಡಿ. ಜ್ವರ ಬಂದರೆ ಗಂಜಿ ಕೊಂಡೊಯ್ಯಿರಿ. ಸುವಾರ್ತೆಯ ಪ್ರಯಾಣದ ನಡುವೆ ಪೆರ್ಗೆಯಲ್ಲಿ ಬಿಟ್ಟುಹೋದ ಮಾರ್ಕನನ್ನು ಪೌಲ ಬೇಡ ಅಂದ, ಬಾರ್ನಬ ಕೈ ಬಿಡಲಿಲ್ಲ. ವರ್ಷಗಳಾದ ಮೇಲೆ ಅದೇ ಪೌಲ ತಿಮೊಥೆಗೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಅಂತ ಬರೆದ. ಲೈಬ್ರರಿಯ ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದ ಆ ಹಾಸನದ ಹುಡುಗನ ಹತ್ತಿರ ಫೈನಲ್ ಇಯರಿನಲ್ಲಿ ಹೋಗಿ ಕ್ಷಮೆ ಕೇಳಿದೆ. ನಾವು ಈಗಲೂ ಗೆಳೆಯರು.

ಹತ್ತನೇ ಹೆಜ್ಜೆ: ನೋಟ್‌ಬುಕ್ ಕೈ ಬದಲಿಸುವುದು

ಫೈನಲ್ ಇಯರಿನವರು ಪ್ಲೇಸ್‌ಮೆಂಟ್, ಪ್ರಾಜೆಕ್ಟ್ ಅಂತ ಕಳೆದುಹೋಗುವ ಮುಂಚೆ, ಮಾರ್ಚಿನಲ್ಲೇ, ಒಂದು ಸಂಜೆ ಸೇರಿ. ಈ ವರ್ಷ ಬಂದವರನ್ನೇ ಮುಂದಿನ ವರ್ಷದ ಅಣ್ಣ-ಅಕ್ಕಂದಿರಾಗಿ ಹೆಸರಿಸಿ. ಫಸ್ಟ್ ಇಯರಿನ ಒಂಟಿತನ ಅವರಿಗಿನ್ನೂ ಹಸಿಯಾಗಿ ನೆನಪಿರುತ್ತದೆ, ಎಲ್ಲಿ ಹುಡುಕಬೇಕು ಅಂತ ಅವರಿಗೇ ಚೆನ್ನಾಗಿ ಗೊತ್ತು. ಪೌಲ ಎರಡನೇ ತಿಮೊಥೆ ಪತ್ರದಲ್ಲಿ ಹೇಳುವುದೂ ಇದನ್ನೇ, ಕೇಳಿದ್ದನ್ನು ನಂಬಿಗಸ್ತರ ಕೈಗೆ ಒಪ್ಪಿಸು, ಅವರು ಇತರರಿಗೆ ಕಲಿಸಲಿ ಅಂತ. ಒಪ್ಪಿಸಿದ ಮೇಲೆ ಅವರ ಹೆಗಲ ಮೇಲಿಂದ ಇಣುಕಬೇಡಿ. ಅವರು ಕೇಕ್ ಬದಲು ಮಂಡಕ್ಕಿ ಮಾಡಿದರೆ ಮಾಡಲಿ.

ನೋಟ್‌ಬುಕ್ ಕೊಡುವ ಮುಂಚೆ ಹಳೆಯ ಹೆಸರುಗಳ ಎದುರು ಈಗಿನ ಸ್ಥಿತಿ ಬರೆಯಿರಿ: ಯಾರು ಬರುತ್ತಿದ್ದಾರೆ, ಯಾರನ್ನು ಇನ್ನೂ ಟೀಗೆ ಕರೆಯಬೇಕು. ಊರಿನ ಸಭಾಪಾಲಕರ ನಂಬರುಗಳು ಮೊದಲ ಪುಟದಲ್ಲಿರಲಿ, ಊಟಕ್ಕೆ ಕರೆಯುವ ಆಂಟಿಯರ ವಿಳಾಸ ಎರಡನೇ ಪುಟದಲ್ಲಿ. ಕೊನೆಯಲ್ಲಿ ಹತ್ತು ಹಾಳೆ ಖಾಲಿ ಬಿಡಿ. ಮೇಲೆ 'ಮೂರನೇ ಸುತ್ತಿನಲ್ಲಿ ಬಂದವರು' ಅಂತ ಬರೆಯಿರಿ. ಗೆರೆ ಹಾಕಿ ಹೆಸರು, ಊರು, ಬಸ್ ಬಂದಿಳಿಯುವ ಸಮಯ, ಗೇಟಿನಲ್ಲಿ ಕಾಯುವವರು ಯಾರು, ಇಷ್ಟಕ್ಕೆ ಜಾಗ ಮಾಡಿ.